ಒಂದು ಸಲ ಮೇಲೆ, ಒಂದು ಸಲ ಕೆಳಗೆ

ಪುಟವನ್ನು ಒಟ್ಟಾಗಿ ನೋಡಲು ಹೋಗಬೇಡಿ, ಕಣ್ಣು ದಣಿಯುತ್ತದೆ. ಮೂಲೆಯ ಹತ್ತಿರ ಒಂದೇ ಒಂದು ಎಳೆಯನ್ನು ಆರಿಸಿಕೊಳ್ಳಿ. ನೀಲಿಯದೋ ಹಳದಿಯದೋ, ಯಾವುದಾದರೂ ಆದೀತು. ಅದರ ಬೆನ್ನು ಹತ್ತಿ ಹೊರಡಿ. ಪಕ್ಕದ ಎಳೆಯನ್ನು ಅದು ಮೇಲಿಂದ ದಾಟುತ್ತದೆ, ಮುಂದಿನದರ ಕೆಳಗೆ ನುಸುಳುತ್ತದೆ, ಮತ್ತೆ ಮೇಲೆ, ಮತ್ತೆ ಕೆಳಗೆ. ಚೌಕಟ್ಟು ಮುಟ್ಟಿದ ಕೂಡಲೇ ದುಂಡಗೆ ತಿರುಗಿ ಒಳಕ್ಕೇ ಮರಳುತ್ತದೆ. ಹೀಗೇ ಸಾಗುವಾಗ ಎಳೆ ಒಂದು ಕಡೆ ತುಸು ಉಬ್ಬಿದಂತೆ ಕಾಣುತ್ತದೆ. ತೊಡೆಯೇ? ಹೌದು, ತೊಡೆಯೇ. ಅದರ ತುದಿಗೆ ಸಪೂರವಾದ ಕಾಲು, ಕಾಲಿಗೆ ಪಂಜ. ಬಂದ ದಾರಿಯಲ್ಲೇ ಹಿಂದಿರುಗಿ ಎಳೆಯ ಇನ್ನೊಂದು ತುದಿಯನ್ನು ಹುಡುಕಿದರೆ ಅಲ್ಲೊಂದು ಮೂತಿ, ಪಿಳಿಪಿಳಿ ನೋಡುವ ಕಣ್ಣು. ಬಾಯಿ ತೆರೆದು ಒಂದು ಮೈಯನ್ನು ಕಚ್ಚಿಕೊಂಡಿದೆ. ಬರಿಯ ಗೆರೆಯೆಂದುಕೊಂಡು ನೀವು ಇಷ್ಟು ಹೊತ್ತು ಸವರಿಕೊಂಡು ಬಂದದ್ದು ಒಂದು ಪ್ರಾಣಿಯ ಬೆನ್ನನ್ನು!

ಇದು ಲಿಂಡಿಸ್‌ಫಾರ್ನ್ ಸುವಾರ್ತೆಯಲ್ಲಿ ಮತ್ತಾಯನ ಭಾಗದ ಹೊಸ್ತಿಲಲ್ಲಿರುವ ಪುಟ. ಅಕ್ಷರವಿಲ್ಲ, ಸಂತರಿಲ್ಲ, ಕಥೆಯಿಲ್ಲ. ಪುಟದ ತುಂಬ ಹೆಣಿಗೆ, ಹೆಣಿಗೆಯ ನಡುವೆ ಪಾನಪಾತ್ರೆಗಳನ್ನು ಬುಡಕ್ಕೆ ಬುಡ ಸೇರಿಸಿಟ್ಟಂಥ ಆಕಾರದ ಒಂದು ಶಿಲುಬೆ, ಶಿಲುಬೆಯ ಅಂಚಿಗೆ ಕೆಂಪು ಗೆರೆ. ಇಂಥವನ್ನು ಕಲೆಯ ಚರಿತ್ರೆಕಾರರು ರತ್ನಗಂಬಳಿ ಪುಟಗಳೆನ್ನುತ್ತಾರೆ. ಈ ಪುಸ್ತಕದಲ್ಲಿ ಅಂಥವು ಐದಿವೆ. ನಾಲ್ಕು ಸುವಾರ್ತೆಗಳಿಗೆ ಒಂದೊಂದು, ಇಡೀ ಗ್ರಂಥದ ಮೊದಲಿಗೆ ಮತ್ತೊಂದು. ಪುಟದ ಅಳತೆ ಸುಮಾರು 36 ಸೆಂಟಿಮೀಟರ್ ಎತ್ತರ, 27 ಸೆಂಟಿಮೀಟರ್ ಅಗಲ. ತೊಡೆಯ ಮೇಲೆ ಇಟ್ಟುಕೊಳ್ಳಬಹುದಾದಷ್ಟು ಜಾಗದಲ್ಲಿ ಒಬ್ಬ ಮನುಷ್ಯ ಇಷ್ಟನ್ನು ತುಂಬಿದನೆಂದರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ.

ಒಬ್ಬ ಮನುಷ್ಯ ಎಂದೆ. ಆತನ ಹೆಸರೂ ನಮಗೆ ದಕ್ಕಿದೆ: ಈಡ್‌ಫ್ರಿತ್. 698ರಿಂದ 721ರವರೆಗೆ ಲಿಂಡಿಸ್‌ಫಾರ್ನ್‌ನ ಬಿಷಪ್ ಆಗಿದ್ದವನು. ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿರುವ ಆ ದ್ವೀಪಕ್ಕೆ ಹೋಗುವ ದಾರಿಯನ್ನು ಉಬ್ಬರದ ನೀರು ಇವತ್ತಿಗೂ ದಿನಕ್ಕೆರಡು ಬಾರಿ ಮುಳುಗಿಸುತ್ತದೆ. ಈಡ್‌ಫ್ರಿತ್ ಬರೆದು ಸುಮಾರು ಎರಡೂವರೆ ಶತಮಾನ ಕಳೆದ ಮೇಲೆ ಆಲ್ಡ್ರೆಡ್ ಎಂಬ ಪಾದ್ರಿ ಲ್ಯಾಟಿನ್ ಸಾಲುಗಳ ನಡುವೆ ಹಳೆಯ ಇಂಗ್ಲಿಷಿನಲ್ಲಿ ಸಣ್ಣಕ್ಷರದ ಅರ್ಥ ಬರೆದ. ಕೊನೆಯಲ್ಲಿ ಯಾರು ಬರೆದರು, ಯಾರು ರಟ್ಟು ಕಟ್ಟಿದರು, ಯಾರು ಲೋಹದ ಹೊದಿಕೆ ಮಾಡಿದರು ಎಂಬುದನ್ನೆಲ್ಲ ದಾಖಲಿಸಿದ. 793ರಲ್ಲಿ ವೈಕಿಂಗರು ಆ ದ್ವೀಪದ ಮಠದ ಮೇಲೆ ಬಿದ್ದರು, ಪುಸ್ತಕ ಉಳಿಯಿತು. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಚರಿತ್ರೆ ಇಷ್ಟು ಸಾಕು, ಎಳೆಗೆ ಮರಳೋಣ.

ಈ ಹೆಣಿಗೆಗೆ ಇರುವ ನಿಯಮ ಒಂದೇ. ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಎಲ್ಲೂ ಎರಡು ಸಲ ಮೇಲೆ ಹೋಗುವಂತಿಲ್ಲ, ಎರಡು ಸಲ ಕೆಳಗೆ ಇಳಿಯುವಂತಿಲ್ಲ. ಬಾಗುವಲ್ಲಿ ಇಲ್ಲ, ಬಣ್ಣ ಬದಲಾಗುವಲ್ಲಿ ಇಲ್ಲ, ಕಾಲು ಕುತ್ತಿಗೆಗಳು ಒಂದರೊಳಗೊಂದು ಸಿಕ್ಕಿಕೊಂಡ ಇಕ್ಕಟ್ಟಿನಲ್ಲೂ ಇಲ್ಲ. ಈ ನಿಯಮವನ್ನು ಎಷ್ಟು ಸಿಕ್ಕಾದ ಗೆರೆಯ ಮೇಲಾದರೂ ನಡೆಸಬಹುದು ಎಂಬುದು ಗಣಿತದ ಒಂದು ಸೊಗಸಾದ ಸತ್ಯ. ಕಾಗದದ ಮೇಲೆ ಪೆನ್ನೆತ್ತದೆ ನಿಮಗಿಷ್ಟ ಬಂದಂತೆ ಗೀಚಿ, ಶುರುವಾದಲ್ಲಿಗೇ ತಂದು ಮುಗಿಸಿ. ಆಮೇಲೆ ಒಂದೊಂದು ದಾಟಿನಲ್ಲೂ ಮೇಲೆ, ಕೆಳಗೆ ಎಂದು ಗುರುತು ಹಾಕುತ್ತ ಹೋಗಿ. ಎಲ್ಲೂ ತಕರಾರು ಬರುವುದಿಲ್ಲ. ಬಂತೆಂದರೆ ಗೆರೆಯಲ್ಲಿ ಐಬಿಲ್ಲ, ಎಣಿಕೆಯಲ್ಲಿ ಕೈ ಜಾರಿದೆ. ಎಳೆಯ ಈ ನಡಿಗೆಯನ್ನು ಕಣ್ಣು ಬಹಳ ಬೇಗ ನಂಬಿಬಿಡುತ್ತದೆ. ಮುಂದಿನ ದಾಟಿನಲ್ಲಿ ಏನಾಗುವುದೆಂದು ಗೊತ್ತು, ಆದರೂ ಅದು ಆಗುವುದನ್ನು ಕಾಣುವ ಸುಖ ಬೇರೆ. ತಾಳ ಗೊತ್ತಿದ್ದೂ ಸಮಕ್ಕೆ ಬಂದು ನಿಂತಾಗ ತಲೆದೂಗುವ ಕೇಳುಗನ ಸುಖ ಅದು.

ಪಟ್ಟಿ ಹೆಣೆಯುವುದೇನೂ ಈಡ್‌ಫ್ರಿತನ ಕಾಲಕ್ಕೆ ಹೊಸದಲ್ಲ. ರೋಮನ್ನರು ತಮ್ಮ ಮೊಸಾಯಿಕ್ ನೆಲಗಳ ಅಂಚಿಗೆಲ್ಲ ಎರಡೆಳೆ, ಮೂರೆಳೆಯ ಹೆಣಿಗೆ ಹಾಯಿಸಿದ್ದರು. ಬ್ರಿಟನ್ನಿನ ಹಳೆಯ ಬಂಗಲೆಗಳ ನೆಲದಲ್ಲಿ ಇವತ್ತಿಗೂ ನೋಡಸಿಗುತ್ತದೆ. ಕಂದು, ಹಳದಿ, ಬಿಳಿಯ ಚಿಕ್ಕ ಕಲ್ಲುಗಳನ್ನು ಸಾಲಾಗಿ ಜೋಡಿಸಿ ಪಟ್ಟಿಗೆ ಉಬ್ಬು ಬಂದಂತೆ ಮಾಡುತ್ತಿದ್ದರು. ಚೆಂದವೇ. ಆದರೆ ಆ ಹೆಣಿಗೆ ಒಂದೇ ಸಮನೆ ಹೋಗುತ್ತದೆ. ಅಂಗೈಯಗಲ ನೋಡಿದರೆ ಇಡೀ ಕೋಣೆಯ ಅಂಚನ್ನು ನೋಡಿದ ಹಾಗೆ. ಚೌಕಟ್ಟಿಗೆ ಹೇಳಿ ಮಾಡಿಸಿದ್ದು, ಚಿತ್ರವಾಗಲು ಸಾಲದು.

ಅದು ಚಿತ್ರವಾದದ್ದು ಯಾರೋ ಒಬ್ಬರು ಹೆಣಿಗೆಯನ್ನು ಒಂದು ಕಡೆ ಮುರಿದಾಗ. ಇದನ್ನು ಬಿಡಿಸಿ ತೋರಿಸಿದವರು ಜೆ. ರೊಮಿಲಿ ಅಲನ್. 1903ರಲ್ಲಿ ಜೋಸೆಫ್ ಆಂಡರ್ಸನ್ ಅವರ ಜೊತೆ ಸ್ಕಾಟ್ಲೆಂಡಿನ ಪ್ರಾಚೀನ ಕ್ರೈಸ್ತ ಶಿಲೆಗಳ ಬಗ್ಗೆ ಅವರು ತಂದ ದೊಡ್ಡ ಗ್ರಂಥದಲ್ಲಿ ನೂರಾರು ಹೆಣಿಗೆಗಳನ್ನು ಗೆರೆಗೆರೆಯಾಗಿ ಬಿಚ್ಚಿಟ್ಟಿದ್ದಾರೆ. ಅವರು ಹೇಳುವುದು ಸರಳ. ಎಡೆಬಿಡದ ಹೆಣಿಗೆಯೊಂದನ್ನು ತೆಗೆದುಕೊಳ್ಳಿ. ಎರಡು ಎಳೆ ದಾಟುವ ಒಂದು ಜಾಗದಲ್ಲಿ ಎರಡನ್ನೂ ಕತ್ತರಿಸಿ. ಈಗ ನಾಲ್ಕು ತುದಿಗಳು. ಅಡ್ಡಡ್ಡ ಹಾಯುತ್ತಿದ್ದ ಅವನ್ನು ಪಕ್ಕಪಕ್ಕದ ತುದಿಗೆ ಜೋಡಿಸಿಬಿಡಿ. ಎಳೆಗಳು ಅಲ್ಲಿ ದಾಟದೆ ಒಂದಕ್ಕೊಂದು ಬೆನ್ನು ತಿರುಗಿಸಿ ಹೊರಟುಹೋಗುತ್ತವೆ. ನಡುವೆ ಸಣ್ಣದೊಂದು ಖಾಲಿ ಜಾಗ ಹುಟ್ಟುತ್ತದೆ. ಇಂಥ ಮುರಿವುಗಳನ್ನು ಲೆಕ್ಕವಿಟ್ಟು ಅಲ್ಲಲ್ಲಿ ಹಾಕಿದರೆ ಸಮನಾಗಿದ್ದ ಬಲೆಯಲ್ಲಿ ಗಂಟುಗಳು ಒಂದೊಂದಾಗಿ ಮೂಡುತ್ತವೆ. ಎಂಟು ಮೂಲ ಗಂಟುಗಳಿಂದ ಈ ಶೈಲಿಯ ಬಹುಪಾಲು ನಮೂನೆಗಳೆಲ್ಲ ಹುಟ್ಟಿವೆ ಎನ್ನುವುದು ಅಲನ್ನರ ಮಾತು.

ನಾನಂತೂ ಈಗ ಹೆಣಿಗೆ ಕಂಡರೆ ಮೊದಲು ಮುರಿವುಗಳನ್ನೇ ಹುಡುಕುತ್ತೇನೆ. ಈ ಕಲೆಯ ರುಚಿಯೆಲ್ಲ ಅಲ್ಲಿದೆ. ಹೆಣೆಯುವುದು ಕೈಗೆ ಪಳಗಿದ ಕೆಲಸ, ಯಾರು ಬೇಕಾದರೂ ಕಲಿತಾರು. ಎಲ್ಲಿ ಹೆಣೆಯದೆ ಬಿಡಬೇಕು ಎನ್ನುವುದಕ್ಕೆ ಮಾತ್ರ ಕಣ್ಣು ಬೇಕು. ಒಳ್ಳೆಯ ಕುಶಲಕರ್ಮಿಯ ಹೆಣಿಗೆಯಲ್ಲಿ ಎಳೆ ಒಂದು ಗಂಟನ್ನು ಬಿಗಿದು, ಒಂದು ಗಳಿಗೆ ಸಡಿಲವಾಗಿ ನೀಳವಾಗಿ ಸಾಗಿ, ಮತ್ತೆ ಬಿಗಿಯುತ್ತದೆ. ಆ ಸಡಿಲವಾದ ನೀಳ ಬಾಗಿನಲ್ಲಿ ಕಣ್ಣಿಗೆ ಉಸಿರು ಬಿಡಲು ಜಾಗ ಸಿಗುತ್ತದೆ. ಮುರಿವೇ ಇಲ್ಲದ ಹೆಣಿಗೆ ಚಾಪೆ. ಮುರಿವು ಅತಿಯಾದರೆ ಬರೀ ಕುಣಿಕೆಗಳು. ಇವೆರಡರ ನಡುವೆ ಹದ ಕಂಡುಕೊಂಡವರ ಪುಟಗಳನ್ನು ಎಷ್ಟು ಹೊತ್ತು ನೋಡಿದರೂ ಸಾಲದು ಅನ್ನಿಸುತ್ತದೆ.

ನಮ್ಮ ಅಂಗಳದಲ್ಲಿ ಚುಕ್ಕಿ ಇಟ್ಟು ಎಳೆ ಸುತ್ತಿ ರಂಗೋಲಿ ಹಾಕಿದವರಿಗೆ ಇದರ ಗುಟ್ಟು ಅರ್ಧ ಗೊತ್ತೇ ಇದೆ. ಚುಕ್ಕಿಗಳನ್ನು ಮುಟ್ಟದೆ, ಅವನ್ನು ಬಳಸಿಕೊಂಡು ಓರೆಯಾಗಿ ಹೋಗಿ, ಅಂಚಿನಲ್ಲಿ ತಿರುಗಿ ಬರುವ ರಂಗೋಲಿಯ ಎಳೆಗೂ ಲಿಂಡಿಸ್‌ಫಾರ್ನ್‌ನ ಎಳೆಗೂ ಬುಡದಲ್ಲಿರುವ ಲೆಕ್ಕ ಒಂದೇ. ಮೂರು ಸಾಲು, ಸಾಲಿಗೆ ನಾಲ್ಕು ಚುಕ್ಕಿ ಇಡಿ. ಪಕ್ಕಪಕ್ಕದ ಪ್ರತಿ ಎರಡು ಚುಕ್ಕಿಗಳ ನಡುವೆಯೂ ಎಳೆ ದಾಟುವಂತೆ ಸುತ್ತುತ್ತ ಹೋದರೆ ಒಂದೇ ಎಳೆ ಹನ್ನೆರಡೂ ಚುಕ್ಕಿಗಳನ್ನು ಬಳಸಿ, ತನ್ನನ್ನು ತಾನೇ 17 ಕಡೆ ದಾಟಿ, ಹೊರಟಲ್ಲಿಗೇ ಬಂದು ಕೂಡುತ್ತದೆ. ಮೂರು ಸಾಲು, ಸಾಲಿಗೆ ಮೂರೇ ಇಟ್ಟರೆ ಒಂದೆಳೆ ಸಾಲದು, ಮೂರು ಬೇಕು. ನಾಲ್ಕು ಸಾಲಿಗೆ ಆರಾದರೆ ಎರಡು. ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದ ಮ.ಸಾ.ಅ. ಇಲ್ಲಿ ಬಂದು ಕೂತಿದೆ ನೋಡಿ! ಸಾಲುಗಳ ಸಂಖ್ಯೆಗೂ ಸಾಲಿನ ಚುಕ್ಕಿಗಳ ಸಂಖ್ಯೆಗೂ ಇರುವ ಮಹತ್ತಮ ಸಾಮಾನ್ಯ ಅಪವರ್ತನವೇ ಎಳೆಗಳ ಸಂಖ್ಯೆ. ಇನ್ನು ಆ ಮೂರು ಎಳೆಗಳ ರಂಗೋಲಿಯಲ್ಲಿ ಬೇರೆ ಬೇರೆ ಎಳೆಗಳು ದಾಟುವ ಒಂದು ಜಾಗವನ್ನು ಅಲನ್ನರು ಹೇಳಿದಂತೆ ಮುರಿದು ಜೋಡಿಸಿ: ಮೂರು ಎರಡಾಗುತ್ತವೆ. ಉಳಿದ ಎರಡು ದಾಟುವ ಕಡೆ ಇನ್ನೊಂದು ಮುರಿವು ಹಾಕಿದರೆ ಎರಡು ಒಂದಾಗುತ್ತವೆ.

ವ್ಯತ್ಯಾಸವೂ ಇದೆ. ಬೆರಳಿಂದ ಉದುರುವ ಪುಡಿಗೆ ಮೇಲೆ, ಕೆಳಗೆ ಎಂಬುದಿಲ್ಲ. ಎಳೆಯ ಮೇಲೆ ಎಳೆ ಹಾಯ್ದುಹೋಗುತ್ತದೆ, ಅಷ್ಟೆ. ಈಡ್‌ಫ್ರಿತ್ ಅದೇ ದಾಟಿನಲ್ಲಿ ಕೆಳಗಿನ ಎಳೆಯನ್ನು ಕೂದಲೆಳೆಯಷ್ಟು ಮೊದಲೇ ನಿಲ್ಲಿಸಿ, ಆಚೆ ಬದಿಯಲ್ಲಿ ಅದೇ ಓಟಕ್ಕೆ ಸರಿಯಾಗಿ ಎತ್ತಿಕೊಳ್ಳುತ್ತಾನೆ. ಪಟ್ಟಿಯ ಎರಡೂ ಬದಿಗೆ ತೆಳುವಾದ ಗೆರೆ, ಸುತ್ತಲಿನ ಸಂದಿಗೆಲ್ಲ ಕಪ್ಪು. ಇಷ್ಟರಿಂದಲೇ ಚಪ್ಪಟೆ ತೊಗಲಿನ ಹಾಳೆಯ ಮೇಲೆ ಆಳ ಹುಟ್ಟುತ್ತದೆ. ಆದರೆ ಬಲು ತೆಳುವಾದ ಆಳ. ಎರಡು ಎಳೆಗಳು ಒಂದರ ಮೇಲೊಂದು ಕೂರಲು ಎಷ್ಟು ಬೇಕೋ ಅಷ್ಟು, ಅದಕ್ಕಿಂತ ಹೆಚ್ಚಿಲ್ಲ. ಪುಟ ತನ್ನ ಚಪ್ಪಟೆತನವನ್ನು ಬಿಟ್ಟುಕೊಡದೆಯೇ ಉಬ್ಬುತ್ತದೆ. ಈ ಸಂಯಮ ನನಗೆ ಬಲು ಇಷ್ಟ.

ಪ್ರಾಣಿಗಳು ಎಳೆಗಳಾದದ್ದು, ಅಥವಾ ಎಳೆಗಳು ಪ್ರಾಣಿಗಳಾದದ್ದು, ಲೋಹದ ಕೆಲಸದವರ ಕೈಯಲ್ಲಿ. ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ 1939ರಲ್ಲಿ ಅಗೆದು ತೆಗೆದ ಹಡಗಿನ ಸಮಾಧಿಯಲ್ಲಿ ಏಳನೆಯ ಶತಮಾನದ ಮೊದಲ ಭಾಗದ ಚಿನ್ನದ ಬಕಲ್ ಒಂದು ಸಿಕ್ಕಿತು. ಉದ್ದ 13 ಸೆಂಟಿಮೀಟರ್ ಚಿಲ್ಲರೆ, ತೂಕ 400 ಗ್ರಾಂಗಿಂತ ಹೆಚ್ಚು. ಅದರ ಮೈಮೇಲೆ 13 ಪ್ರಾಣಿಗಳಿವೆ ಎಂದು ಬಲ್ಲವರು ಹೇಳುತ್ತಾರೆ. ಎಣಿಸಹೊರಟರೆ ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಯಿತೆಂದು ಕಣ್ಣು ಮೋಸಹೋಗುತ್ತದೆ. ಹಾವಿನಂಥವು, ನಾಲ್ಕು ಕಾಲಿನವು, ಹಕ್ಕಿಯ ತಲೆಯವು. ಚಿನ್ನದಲ್ಲಿ ತೋಡಿದ ಸಣ್ಣ ಗೀರುಗಳಿಗೆ ನಿಯೆಲ್ಲೊ ಎಂಬ ಕಪ್ಪು ಲೇಪ ತುಂಬಿದ್ದಾರೆ. ಮೈಗಳು ಆ ಕಪ್ಪಿನಿಂದ ಎದ್ದು ಹೊಳೆಯುತ್ತವೆ.

ಲೋಹದಿಂದ ತೊಗಲಿಗೆ ಇಳಿದ ಮೊದಮೊದಲ ಸಂಭ್ರಮ ನೋಡಬೇಕೆಂದರೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿರುವ ಡರೋ ಗ್ರಂಥಕ್ಕೆ ಹೋಗಬೇಕು. ಲಿಂಡಿಸ್‌ಫಾರ್ನ್‌ಗಿಂತ ಚಿಕ್ಕದು, ಸಾಮಾನ್ಯವಾಗಿ ಏಳನೆಯ ಶತಮಾನದ್ದೆಂದು ಹೇಳುತ್ತಾರೆ. ಬಣ್ಣ ಮೂರೇ: ಹಳದಿ, ಕೆಂಪು, ಹಸಿರು. ಜೊತೆಗೆ ಗಾಢ ಕಂದುಗಪ್ಪು. ಪಟ್ಟಿಗಳು ಅಗಲವಾಗಿ, ನಿಧಾನವಾಗಿ ಉರುಳುತ್ತವೆ. ಒಂದಿಷ್ಟು ದೂರ ಹಳದಿಯಾಗಿ ಹೋದ ಪಟ್ಟಿ ಇನ್ನೊಂದರ ಕೆಳಗೆ ನುಸುಳಿ ಆಚೆ ಬರುವಾಗ ಕೆಂಪಾಗಿರುತ್ತದೆ. ಯಾಕೆ? ಯಾಕೂ ಇಲ್ಲ, ಚೆಂದಕ್ಕೆ. ಅದರ ರತ್ನಗಂಬಳಿ ಪುಟವೊಂದರಲ್ಲಿ ನಡುವೆ ಒಂದು ದುಂಡು ಫಲಕ, ಸುತ್ತಲಿನ ಅಂಕಣಗಳಲ್ಲಿ ಉದ್ದಮೈಯ ಪ್ರಾಣಿಗಳು ಸಾಲಾಗಿ ಒಂದನ್ನೊಂದು ಕಚ್ಚಿಕೊಂಡು ಮೆರವಣಿಗೆ ಹೊರಟಿವೆ. ಕಚ್ಚಿದ್ದರಲ್ಲಿ ಸಿಟ್ಟಿಲ್ಲ. ಕಚ್ಚುವುದು ಅಲ್ಲಿ ಕೈಕೈ ಹಿಡಿಯುವ ಒಂದು ರೀತಿ. ಈ ಪುಸ್ತಕದ ಮೇಲಿನ ಭಕ್ತಿ ಎಷ್ಟಿತ್ತೆಂದರೆ, 17ನೆಯ ಶತಮಾನದಲ್ಲಿ ಇದನ್ನು ನೀರಿನಲ್ಲಿ ಅದ್ದಿ, ಆ ನೀರನ್ನು ಕಾಯಿಲೆ ಬಿದ್ದ ದನಗಳಿಗೆ ಕುಡಿಸುತ್ತಿದ್ದರಂತೆ. ಬಣ್ಣ ಉಳಿದದ್ದು ನಮ್ಮ ಪುಣ್ಯ.

ಬಣ್ಣದ ಮಾತು ಬಂತು. ಈ ಗ್ರಂಥಗಳ ನೀಲಿಯನ್ನು ಬಹುಕಾಲ ಅಫ್ಘಾನಿಸ್ತಾನದ ಗಣಿಯಿಂದ ಬಂದ ಲ್ಯಾಪಿಸ್ ಲಾಜುಲಿ ಕಲ್ಲಿನ ಪುಡಿಯೆಂದೇ ನಂಬಿದ್ದರು. ಅಷ್ಟು ದೂರದ ಕಲ್ಲು ಅಷ್ಟು ದೂರದ ದ್ವೀಪಕ್ಕೆ! ಕೇಳಲು ಸೊಗಸಾದ ಕಥೆ. ಈ ಶತಮಾನದಲ್ಲಿ ಲೇಸರ್ ಬೆಳಕು ಹಾಯಿಸಿ ಪರೀಕ್ಷಿಸಿದಾಗ ಲಿಂಡಿಸ್‌ಫಾರ್ನ್‌ನಲ್ಲೂ ಮುಂದೆ ಹೇಳಲಿರುವ ಕೆಲ್ಸ್ ಗ್ರಂಥದಲ್ಲೂ ಸಿಕ್ಕಿದ್ದು ಗಿಡದ ನೀಲಿ, ನಮ್ಮ ನೀಲಿಗಿಡ ಕೊಡುವ ಅದೇ ಇಂಡಿಗೊ. ಯುರೋಪಿನಲ್ಲಿ ಅದನ್ನು ವೋಡ್ ಎಂಬ ಹಳದಿ ಹೂವಿನ ಗಿಡದ ಸೊಪ್ಪು ಕೊಳೆಸಿ ತೆಗೆಯುತ್ತಿದ್ದರು. ಹಳದಿಗೆ ಹರಿತಾಳ, ಕೆಂಪಿಗೆ ಸೀಸ ಸುಟ್ಟು ಮಾಡಿದ ಸಿಂಧೂರ, ಹಸಿರಿಗೆ ತಾಮ್ರದ ಕಿಲುಬು. ದೂರದ ರತ್ನದ ಕಥೆ ಹೋಯಿತೆಂದು ನನಗೇನೂ ಬೇಸರವಾಗಲಿಲ್ಲ. ಕೊಳೆತ ಸೊಪ್ಪಿನಿಂದ ಆ ನೀಲಿ ಬಂತೆಂಬುದು ಇನ್ನೂ ದೊಡ್ಡ ಸೋಜಿಗ.

ಹೆಣಿಗೆ ಒಂದೇ ಇದ್ದಿದ್ದರೆ ಈ ಪುಟಗಳು ಉಸಿರುಗಟ್ಟಿಸುತ್ತಿದ್ದವು. ಅದಕ್ಕೆ ಒಳ್ಳೆಯ ನೆರೆಹೊರೆಯಿದೆ. ಒಂದು, ಸುಳಿ: ಕಬ್ಬಿಣದ ಯುಗದ ಕೆಲ್ಟಿಕ್ ಕಸುಬುದಾರರಿಂದ ಬಂದ ಬಳುವಳಿ. ಕೈವಾರದಿಂದ ಎಳೆದ ದುಂಡಿನೊಳಗೆ ಎರಡೋ ಮೂರೋ ಗೆರೆಗಳು ನಡುವಿನಿಂದ ಹೊರಟು ಸುತ್ತುತ್ತ, ಹೊರಬರುವಾಗ ಕಹಳೆಯ ಬಾಯಿಯಂತೆ ಅಗಲವಾಗಿ ಮುಂದಿನ ಸುಳಿಗೆ ಹಾಯುತ್ತವೆ. ಹೆಣಿಗೆ ಕಣ್ಣನ್ನು ನಡೆಸುತ್ತದೆ, ಸುಳಿ ತಿರುಗಿಸುತ್ತದೆ. ಇನ್ನೊಂದು, ಓರೆಯಾಗಿ ಮುರಿಮುರಿದು ಒಳಹೋಗುವ ನೇರ ಗೆರೆಗಳ ಕೀಲಿ ನಮೂನೆ. ಮತ್ತೊಂದು, ಮೆಟ್ಟಿಲು ನಮೂನೆ. ಇದು ಸಟನ್ ಹೂವಿನ ಭುಜದ ಕೊಂಡಿಗಳಲ್ಲಿ ಕೆಂಪು ಗಾರ್ನೆಟ್ ಹರಳಿನಲ್ಲಿದೆ. ಹರಳುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಚಿನ್ನದ ಗೋಡೆಗಳ ನಡುವೆ ಕೂರಿಸಿ, ಹರಳಿನ ಅಡಿಗೆ ಸಣ್ಣ ಚೌಕುಳಿಯ ಅಚ್ಚೊತ್ತಿದ ಚಿನ್ನದ ತಗಡು ಹಾಸಿದ್ದಾರೆ. ಒಳಹೊಕ್ಕ ಬೆಳಕು ಆ ತಗಡಿಗೆ ಬಡಿದು ಮಿಣುಕುತ್ತ ಹಿಂದಿರುಗುತ್ತದೆ. ತೊಗಲಿನ ಮೇಲೆ ಹರಳಿಲ್ಲ, ತಗಡಿಲ್ಲ. ಆದರೂ ಅದೇ ಮೆಟ್ಟಿಲುಗಳನ್ನು ಬಣ್ಣದಲ್ಲಿ ಕಟ್ಟಿದರು.

ನನಗೆ ಇವೆಲ್ಲಕ್ಕಿಂತ ಅಕ್ಕರೆ ಕೆಂಪು ಚುಕ್ಕಿಗಳ ಮೇಲೆ. ಲಿಂಡಿಸ್‌ಫಾರ್ನ್‌ನ ದೊಡ್ಡ ಅಕ್ಷರಗಳ ಸುತ್ತ ಸಿಂಧೂರದ ಚುಕ್ಕಿಗಳು ಒಂದರ ಪಕ್ಕ ಒಂದು, ಸಾಲು ತಪ್ಪದೆ. ಕೆಲವು ಕಡೆ ಚುಕ್ಕಿಗಳೇ ಸೇರಿ ಹೆಣಿಗೆಯಾಗುತ್ತವೆ. ಲೂಕನ ಸುವಾರ್ತೆ ಶುರುವಾಗುವ ಪುಟವೊಂದರಲ್ಲೇ ಅವು ಹತ್ತು ಸಾವಿರ ದಾಟುತ್ತವೆ. ಅದೇ ಪುಟದ ಬಲ ಅಂಚನ್ನು ಮರೆಯದೆ ನೋಡಿ. ಉದ್ದಕ್ಕೆ ಚೌಕಟ್ಟಿನ ಪಟ್ಟಿಯೆಂದು ಕಂಡದ್ದರ ಕೆಳತುದಿಯಲ್ಲಿ ಒಂದು ಬೆಕ್ಕಿನ ತಲೆ! ಪಟ್ಟಿಯೇ ಬೆಕ್ಕಿನ ಮೈ. ಆ ಮೈಯೊಳಗೆ ಆಗಲೇ ನುಂಗಿದ ಹಕ್ಕಿಗಳ ಸಾಲು, ಕೆಳಗಿನ ಅಂಚಿನಲ್ಲಿ ಇನ್ನೂ ನುಂಗದ ಹಕ್ಕಿಗಳು ಪಾಪ, ಅದರ ಬಾಯಿಯ ಕಡೆಗೇ ಹೊರಟಿವೆ. ಬಿಷಪ್ಪನಿಗೆ ನಗು ಗೊತ್ತಿತ್ತು.

ಕೆಲ್ಸ್ ಗ್ರಂಥದ ಬಗ್ಗೆ ಹೇಳದೆ ಇದ್ದರೆ ಓದುಗರು ಕ್ಷಮಿಸಲಾರರು. ಸುಮಾರು ಕ್ರಿ.ಶ. 800ರದು, 340 ಹಾಳೆ, ಇದೂ ಟ್ರಿನಿಟಿ ಕಾಲೇಜಿನಲ್ಲಿದೆ. ಅದರ ಕೈ ರೋ ಪುಟ, ಅಂದರೆ ಕ್ರಿಸ್ತನ ಹೆಸರಿನ ಗ್ರೀಕ್ ಅಕ್ಷರಗಳು ಪುಟ ತುಂಬಿ ನಿಂತ ಹಾಳೆ, ಜಗತ್ತಿನ ಅತಿ ಪ್ರಸಿದ್ಧ ಪುಟಗಳಲ್ಲೊಂದು. ಸುಳಿಯೊಳಗೆ ಸುಳಿ, ಅದರೊಳಗೆ ಇನ್ನೂ ಸಣ್ಣ ಸುಳಿ, ಬುಡದಲ್ಲಿ ಬೆಕ್ಕು, ಇಲಿ, ಮೀನು ಕಚ್ಚಿದ ನೀರುನಾಯಿ. ಬೆರಗಾಗುತ್ತದೆ, ನಿಜ. ಆದರೆ ನನ್ನ ನಾಲಗೆಗೆ ಅದು ತುಸು ಹೆಚ್ಚಾಯಿತು. ಅಲ್ಲಿ ಎಲ್ಲವೂ ಇದೆ, ಎಲ್ಲವೂ ಒಟ್ಟಿಗೇ ಇದೆ. ಲಿಂಡಿಸ್‌ಫಾರ್ನ್‌ನಲ್ಲಿ ಶಿಲುಬೆ ಎಷ್ಟೇ ಗಿಜಿಗುಡುವ ಹೆಣಿಗೆಯ ನಡುವೆಯೂ ನೆಟ್ಟಗೆ ನಿಂತಿರುತ್ತದೆ, ಕಣ್ಣು ಎಷ್ಟು ದೂರ ಅಲೆದರೂ ಅದಕ್ಕೇ ಮರಳುತ್ತದೆ. ಕೆಲ್ಸ್‌ನಲ್ಲಿ ನಾನು ಕಳೆದುಹೋಗುತ್ತೇನೆ. ಕಳೆದುಹೋಗುವುದೇ ಸುಖ ಎನ್ನುವ ಗೆಳೆಯರಿದ್ದಾರೆ. ಅವರೊಡನೆ ನನಗೆ ಜಗಳವಿಲ್ಲ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಜಿರಾಲ್ಡಸ್ ಕ್ಯಾಂಬ್ರೆನ್ಸಿಸ್ ಎಂಬ ಬರಹಗಾರ ಐರ್ಲೆಂಡಿನ ಕಿಲ್ಡೇರ್‌ನಲ್ಲಿ ಇಂಥದೇ ಒಂದು ಗ್ರಂಥ ನೋಡಿ ಬರೆದಿಟ್ಟದ್ದೂ ಹೆಚ್ಚುಕಡಿಮೆ ಅವರ ಮಾತನ್ನೇ. ಬೇಕಾಬಿಟ್ಟಿ ನೋಡಿದರೆ ಬರೀ ಬಳಿದ ಬಣ್ಣ, ಕಣ್ಣು ನೆಟ್ಟು ನೋಡಿದರೆ ದೇವದೂತರ ಕೆಲಸ ಅನ್ನಿಸುವಷ್ಟು ಸೂಕ್ಷ್ಮ ಎಂದ. 19ನೆಯ ಶತಮಾನದ ಜೆ. ಒ. ವೆಸ್ಟ್‌ವುಡ್ ಮಾತ್ರ ಬೆರಗಿನಲ್ಲೇ ನಿಲ್ಲದೆ ಎಣಿಸಲು ಕೂತರು. ಅರ್ಮಾ ಗ್ರಂಥವೆಂಬ ಇನ್ನೊಂದು ಹಸ್ತಪ್ರತಿಯಲ್ಲಿ ಮುಕ್ಕಾಲು ಇಂಚು ಉದ್ದ, ಅರ್ಧ ಇಂಚಿಗೂ ಕಡಿಮೆ ಅಗಲದ ಜಾಗದಲ್ಲಿ ಅವರಿಗೆ 158 ಹೆಣಿಗೆಗಳು ಸಿಕ್ಕವು. ಕೀಟಗಳ ಅಧ್ಯಯನದಲ್ಲೂ ಅವರು ದೊಡ್ಡ ಹೆಸರು. ಆ ಕಣ್ಣಿಗೆ ಇಂಥ ಕೆಲಸ ಒಗ್ಗಿದ್ದರಲ್ಲಿ ಅಚ್ಚರಿಯಿಲ್ಲ.

ಇಷ್ಟನ್ನೂ ಹೇಗೆ ಬರೆದರು? ಉತ್ತರ ಹಾಳೆಯ ಬೆನ್ನಲ್ಲಿದೆ. ಲಿಂಡಿಸ್‌ಫಾರ್ನ್‌ನ ಚಿತ್ರದ ಹಾಳೆಗಳನ್ನು ತಿರುಗಿಸಿದರೆ ಕೈವಾರದ ಮುಳ್ಳು ಚುಚ್ಚಿದ ತೂತು, ಅಳತೆಯ ಜಾಲ, ಸೀಸದ ಮೊನೆಯಿಂದ ಎಳೆದ ಮಸುಕು ಗೆರೆ, ಇವೆಲ್ಲ ಇನ್ನೂ ಕಾಣುತ್ತವೆ. ವಿದ್ವಾಂಸರಾದ ಜಾನೆಟ್ ಬ್ಯಾಕ್‌ಹೌಸ್, ಆಮೇಲೆ ಮಿಶೆಲ್ ಬ್ರೌನ್ ಇದನ್ನು ಬಹಳ ಪ್ರೀತಿಯಿಂದ ಓದಿದ್ದಾರೆ. ನಕ್ಷೆಯನ್ನು ಬೆನ್ನಿಗೆ ಬರೆದು, ಕರುವಿನ ತೊಗಲಿನ ಆ ಹಾಳೆಗೆ ಹಿಂದಿನಿಂದ ಬೆಳಕು ಬಿಟ್ಟು, ಮುಂಬದಿಯಲ್ಲಿ ಬಣ್ಣ ತುಂಬಿರಬೇಕು ಎನ್ನುವುದು ಬ್ರೌನ್ ಅವರ ಅಂದಾಜು. ಹಾಗಾದರೆ ಬಣ್ಣದ ಅಡಿಯಲ್ಲಿ ನಕ್ಷೆ ಮುಚ್ಚಿಹೋಗುವ ಭಯವೇ ಇಲ್ಲ. ಮುಂಬದಿಯ ಹೆಣಿಗೆಯಲ್ಲಿ ಅದೆಷ್ಟು ಉಲ್ಲಾಸ ಇದ್ದರೂ ಬೆನ್ನಿನ ಮೇಲೆ ಇರುವುದು ತಣ್ಣಗಿನ ಲೆಕ್ಕ. ಚೌಕಗಳು, ಕಂಸಗಳು, ತೂತುಗಳು. ಇವೆರಡನ್ನೂ ಒಬ್ಬನೇ ಮಾಡಿದ.

ಈ ಲೆಕ್ಕವನ್ನು ಸಾಮಾನ್ಯರ ಕೈಗೂ ಸಿಗುವಂತೆ ಮಾಡಿದವರು ಸ್ಕಾಟ್ಲೆಂಡಿನ ಕಲಾಶಿಕ್ಷಕ ಜಾರ್ಜ್ ಬೇನ್. 1951ರಲ್ಲಿ ಬಂದ ಅವರ ಪುಸ್ತಕದಲ್ಲಿ ಒಂದೊಂದು ನಮೂನೆಯನ್ನೂ ಹಂತಹಂತವಾಗಿ ಕಟ್ಟುವ ದಾರಿಯಿದೆ. ಹಚ್ಚೆ, ಬಟ್ಟಲು, ಟೀ ಶರ್ಟುಗಳ ಮೇಲೆ ಇವತ್ತು ಸಿಗುವ ಕೆಲ್ಟಿಕ್ ಗಂಟುಗಳಿಗೆಲ್ಲ ಅವರೇ ಒಂದು ಬಗೆಯ ಮೂಲಪುರುಷ. ಆದರೆ ಕಂಪ್ಯೂಟರಿನಲ್ಲಿ ಎಳೆದ ಗಂಟುಗಳ ಎಳೆ ಎಲ್ಲ ಕಡೆಯೂ ಒಂದೇ ದಪ್ಪ, ಎಲ್ಲ ಬಾಗೂ ಒಂದೇ ದುಂಡು. ಅನಂತತೆಯ ಸಂಕೇತ ಎಂಬ ಚೀಟಿ ಬೇರೆ ಅಂಟಿಸಿರುತ್ತಾರೆ. ಹಾಗೆಂದು ಆ ಕಾಲದ ಯಾವ ಲಿಪಿಕಾರನೂ ಬರೆದಿಟ್ಟಿಲ್ಲ. ಈಡ್‌ಫ್ರಿತನ ಎಳೆ ಬಾಗುವಲ್ಲಿ ಕೂದಲಷ್ಟು ತೆಳ್ಳಗಾಗುತ್ತದೆ, ನೇರವಾದಾಗ ಮೈದುಂಬುತ್ತದೆ. ಮೂಲೆಯಲ್ಲಿ ಜಾಗ ಸಾಲದಿದ್ದರೆ ಗಂಟು ಮೈ ಕುಗ್ಗಿಸಿಕೊಂಡು ಸರಿದು ಕೂರುತ್ತದೆ. ಕೈ ಇದ್ದಲ್ಲಿ ಮಾತ್ರ ಈ ಸಂಕೋಚ ಇರುತ್ತದೆ.

ಇನ್ನು ಕಲ್ಲು. ಇಟಲಿಯ ಚರ್ಚುಗಳಲ್ಲಿ, ಆಡ್ರಿಯಾಟಿಕ್ ಕಡಲಿನಾಚೆ ಕ್ರೊವೇಷಿಯಾದಲ್ಲಿ, ಒಂಬತ್ತನೆಯ ಶತಮಾನದ ಹೊತ್ತಿನ ಅಮೃತಶಿಲೆಯ, ಸುಣ್ಣಕಲ್ಲಿನ ತಡಿಕೆಗಳ ತುಂಬ ಪಟ್ಟಿ ಹೆಣಿಗೆಯಿದೆ. ಕ್ರೊವೇಷಿಯಾದವರು ಅದನ್ನು ಪ್ಲೆಟೆರ್ ಎನ್ನುತ್ತಾರೆ. ಅಲ್ಲಿ ಪಟ್ಟಿಯ ಮೈಮೇಲೆ ಉದ್ದಕ್ಕೆ ಎರಡು ಗೀರು ತೋಡಿ ಒಂದನ್ನು ಮೂರೆಳೆ ಮಾಡುತ್ತಾರೆ. ಬಣ್ಣವಿಲ್ಲದ ಕಲ್ಲಿಗೆ ಅದೇ ಬಣ್ಣ. ಗೀರಿನಲ್ಲಿ ಕೂತ ನೆರಳು ಒಂದು, ಪಟ್ಟಿಯ ಅಂಚಿನ ನೆರಳು ಇನ್ನೊಂದು. ಸ್ಕಾಟ್ಲೆಂಡಿನ ಪಿಕ್ಟರೆಂಬ ಪ್ರಾಚೀನ ಜನ ಇದನ್ನೇ ಬೇರೆ ಹಾದಿಗೆ ಒಯ್ದರು. ನಿಗ್ ಎಂಬ ಊರಿನ ಕಲ್ಲಿನಲ್ಲಿ ಹಾವುಗಳು ಸುತ್ತಿಕೊಂಡು ಅರ್ಧಗೋಳದಂಥ ಗುಬುಟುಗಳಾಗಿ ಮೇಲೆದ್ದಿವೆ. ಐಯೋನಾ ದ್ವೀಪದಲ್ಲಿ ಎಂಟನೆಯ ಶತಮಾನದಿಂದ ನಿಂತೇ ಇರುವ ಸಂತ ಮಾರ್ಟಿನ್ ಶಿಲುಬೆಯ ಒಂದು ಮುಖದಲ್ಲೂ ಇಂಥ ಹಾವು, ಗುಬುಟು ಇವೆ. ಅಶ್ವತ್ಥಕಟ್ಟೆಯ ಮೇಲೆ ಜೋಡಿನಾಗರ ಹೆಣೆದುಕೊಂಡ ನಾಗರಕಲ್ಲಿಗೆ ಅರಿಶಿನ ಹಚ್ಚಿ ಬೆಳೆದ ನಮ್ಮಂಥವರಿಗೆ ಆ ಕಲ್ಲುಗಳ ಎದುರು ಕೈ ತಾನಾಗಿಯೇ ಮುಂದಾಗುತ್ತದೆ. ಆ ಜನಕ್ಕೂ ನಮಗೂ ಯಾವ ನಂಟೂ ಇರಲಿಲ್ಲ. ಎರಡು ಉದ್ದನೆಯ ಮೈಗಳನ್ನು ಕಲ್ಲಿನಲ್ಲಿ ಕೂಡಿಸಹೊರಟವರಿಗೆ ಎಲ್ಲಿದ್ದರೂ ಉಳಿಯುವ ದಾರಿ ಕೆಲವೇ.

ನನ್ನ ಆಯ್ಕೆ ಕೇಳಿದರೆ ಆಂಗಸ್ ಸೀಮೆಯ ಅಬರ್ಲೆಮ್ನೊ ಊರಿನ ಚರ್ಚಿನಂಗಳದ ಕಲ್ಲು ಎನ್ನುತ್ತೇನೆ. ಮರಳುಗಲ್ಲಿನ ನಿಲುಗಲ್ಲಿನಲ್ಲಿ ಎತ್ತರವಾಗಿ ಎದ್ದುಬಂದ ಶಿಲುಬೆ, ಅದರ ಮೈಯೆಲ್ಲ ಹೆಣಿಗೆ, ಎರಡೂ ಬದಿಯ ಸಂದಿಯಲ್ಲಿ ಒಂದರೊಳಗೊಂದು ಸುತ್ತಿಕೊಂಡ ಪ್ರಾಣಿಗಳು. ಡರೋ ಗ್ರಂಥದ ಪುಟವೊಂದು ಎದ್ದು ಹುಲ್ಲಿನ ಮೇಲೆ ನಿಂತ ಹಾಗಿದೆ. ಹೊತ್ತು ಮಾತ್ರ ನೋಡಿಕೊಂಡು ಹೋಗಬೇಕು. ನಡುಹಗಲ ನೆತ್ತಿಬೆಳಕಿನಲ್ಲಿ ಹೆಣಿಗೆ ಅರ್ಧ ಮಾಯವಾಗುತ್ತದೆ. ಬೆಳಕು ಪಕ್ಕದಿಂದ ಓರೆಯಾಗಿ ಬಿದ್ದಾಗ ಯಾವ ಎಳೆ ಮೇಲೆ, ಯಾವುದು ಕೆಳಗೆ ಎಂದು ದೂರದಿಂದಲೇ ಹೇಳಬಹುದು. ಚಳಿಗಾಲದಲ್ಲಿ ಹಿಮ, ಮಳೆ ತಾಗದಂತೆ ಅಲ್ಲಿನ ಕಲ್ಲುಗಳಿಗೆ ಮರದ ಗೂಡು ಮುಚ್ಚಿಬಿಡುತ್ತಾರೆ. ಹೋಗುವವರು ಬೇಸಿಗೆಯಲ್ಲೇ ಹೋಗಿ.